ಮಕ್ಕಳಿಗೆ ‘ಆಲ್ಕೋಹಾಲ್ ಮಾರ್ಕರ್’ ಸೆಟ್ ಕೊಡಿಸೋರು ಮೊದಲು ಇದನ್ನ ಓದ್ರಿ

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಕಡೆ ಹೋಗಿ ಕಡಿಮೆ ರೇಟಿನ ಕಲರ್ ಮಾರ್ಕರ್ ಸೆಟ್ ತರೋ ವಿಚಾರದಲ್ಲಿ ಇದ್ದರೆ ಸ್ವಲ್ಪ ತಡೀರಿ. ನನಗೆ ಆದದ್ದು ನಿಮಗೆ ಆಗೋದು ಬೇಡ. ನನ್ನ ರೊಕ್ಕ ಅಷ್ಟೇ ಹೋಗಿದ್ದರೆ ಹೋಗಲಿ ಅಂತ ಬಿಡ್ತಿದ್ದೆ. ಹೋಗಿದ್ದು ನನ್ನ ಹತ್ತಿರ ಚಿತ್ರ ಕಲಿಯೋಕೆ ಬರೋ ಮಕ್ಕಳ ಮನೆಯವರ ರೊಕ್ಕ. ಅವರಲ್ಲಿ ಒಬ್ಬರು ಆಟೋ ಓಡಿಸ್ತಾರೆ, ಇನ್ನೊಬ್ಬರು ಟೇಲರ್. ಮಿಸ್ ಹೇಳಿದ್ದಾರಂದ್ರೆ ಸರಿನೇ ಇರ್ತದೆ ಅಂತ ಒಂದು ಮಾತೂ ಕೇಳದೆ ಕೊಟ್ಟಿದ್ದರು.

ನಾನು ಮನೆಯಲ್ಲೇ ಡ್ರಾಯಿಂಗ್ ಕ್ಲಾಸ್ ನಡೆಸ್ತೀನಿ. ಸಣ್ಣ ಮಕ್ಕಳಿಗೆ ಕ್ರೆಯಾನ್, ಸ್ಕೆಚ್ ಪೆನ್ ಸಾಕು. ದೊಡ್ಡ ಮಕ್ಕಳಿಗೆ ಈ ರಜೆಯಲ್ಲಿ ನಮ್ಮ ಕೋಟೆ ಬರೆಸಬೇಕು ಅಂತ ಭಾಳ ದಿನದ ಆಸೆ ಇತ್ತು. ಕೋಟೆಯೊಳಗಿನ ಜಾಮಾ ಮಸೀದಿ ನೋಡಿದವರಿಗೆ ಗೊತ್ತು, 1367ರ ಕಟ್ಟಡ, ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಮುಂದಿನದು ತಿಳಿ, ಹಿಂದಿನದು ಗಾಢ, ಹೀಗೆ ಬೂದು ಬಣ್ಣದ ನಾಲ್ಕೈದು ಛಾಯೆ ಒಂದರಲ್ಲೊಂದು ಕರಗಬೇಕು. ಅದು ಸ್ಕೆಚ್ ಪೆನ್ನಿನಲ್ಲಿ ಆಗೋದಿಲ್ಲ. ಆಲ್ಕೋಹಾಲ್ ಮಾರ್ಕರ್ ಅಂದರೆ ಸ್ಪಿರಿಟ್ ಇಂಕಿನ ಪೆನ್ನು, ಅದರಲ್ಲಿ ಹೊಸ ಗೆರೆಯ ಸ್ಪಿರಿಟ್ಟು ಕೆಳಗಿನ ಒಣಗಿದ ಬಣ್ಣವನ್ನ ಮತ್ತೆ ಕರಗಿಸ್ತದೆ, ಅದಕ್ಕೇ ಗೆರೆ ಕಾಣದ ಹಾಗೆ ಬಣ್ಣ ಕೂಡ್ತದೆ. ನೀರಿನ ಇಂಕಿನಲ್ಲಿ ಒಂದರ ಮೇಲೊಂದು ಹಚ್ಚಿದರೆ ಹಾಳೆ ನೆನೆದು ಸಿಪ್ಪೆ ಏಳ್ತದೆ. ಜಪಾನಿನ ಕೋಪಿಕ್‌ನಂಥವು ಇಂಕ್ ತುಂಬಿಸಬಹುದು, ನಿಬ್ ಬದಲಾಯಿಸಬಹುದು, ಆದರೆ ಒಂದೊಂದಕ್ಕೇ ನೂರಾರು ರೂಪಾಯಿ. ನಮ್ಮ ಮಕ್ಕಳಿಗೆ ಎಲ್ಲಿಂದ ತರೋದು? ಅದಕ್ಕೇ ಕಡಿಮೆ ರೇಟಿನ ಸೆಟ್ ಕೇಳಿಕೊಂಡು ಹೋಗಿದ್ದು.

ಅಂಗಡಿಯ ಹೆಸರು ಇಲ್ಲಿ ಬರೆಯೋದಿಲ್ಲ. ಅಂಗಡಿಯವನು ಕೌಂಟರ್ ಕೆಳಗಿಂದ ಒಂದು ತೆರೆದ ಸೆಟ್ ತೆಗೆದ. ಮುಚ್ಚಳ ತೆಗೆದ ಕೂಡಲೇ ಸ್ಪಿರಿಟ್ ವಾಸನೆ ಬಂತು, ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ಮುಂಚೆ ಹತ್ತಿಯಲ್ಲಿ ಒರೆಸ್ತಾರಲ್ಲ, ಅದೇ ವಾಸನೆ. ಒಂದು ದಪ್ಪ ಲಗ್ನಪತ್ರಿಕೆಯ ಬೆನ್ನ ಮೇಲೆ ಎರಡು ಬಣ್ಣ ಹಚ್ಚಿ ಕೂಡಿಸಿ ತೋರಿಸಿದ. ಚೆನ್ನಾಗಿಯೇ ಕೂಡಿತು. ಪತ್ರಿಕೆ ತಿರುಗಿಸಿ, “ನೋಡ್ರಿ ಮೇಡಂ, ಹಿಂದಕ್ ಒಂದ್ ಕಲಿನೂ ಹತ್ತಿಲ್ಲ. ಈ ಕ್ವಾಲಿಟಿ ಹೈದರಾಬಾದ್‌ನಾಗೂ ಈ ರೇಟಿಗಿ ಸಿಗಂಗಿಲ್ಲ” ಅಂದ. ಡಬ್ಬಿ ಮೇಲೆ 60 ಬಣ್ಣ, ಡಬಲ್ ನಿಬ್, ದಪ್ಪ ಅಕ್ಷರದಲ್ಲಿ ‘ಆಲ್ಕೋಹಾಲ್’. 1,499 ಅಂತ ಎಂಆರ್‌ಪಿ ಸ್ಟಿಕ್ಕರ್, ನಮಗೆ 650. ಕೊಟ್ಟದ್ದು ಮಾತ್ರ ಒಳಗಿನ ಗೋಡೌನ್‌ನಿಂದ ತಂದ ಸೀಲ್ ಡಬ್ಬಿಗಳು. ಒಂದು ಒಡೆದು ನೋಡ್ತೀನಿ ಅಂದೆ. “ಸೀಲ್ ಒಡದ್ರ ವಾಪಸ್ ಇಲ್ರಿ ಮೇಡಂ, ಎಲ್ಲಾ ಒಂದೇ ಮಾಲ್ ಅದ” ಅಂದ.

ಎಲ್ಲಾ ಒಂದೇ ಮಾಲ್! ಆ ಮಾತು ಈಗಲೂ ಕಿವಿಯಲ್ಲಿದೆ.

ಕ್ಲಾಸಿನಲ್ಲಿ ಮಕ್ಕಳು ಡಬ್ಬಿ ಒಡೆದಾಗ ಎಷ್ಟು ಖುಷಿ ಪಟ್ಟರು ಅಂತ ನೆನೆಸಿದರೆ ಕಣ್ಣಲ್ಲಿ ನೀರು ಬರ್ತದೆ. ಕಮಾನಿನ ನೆರಳಿಗೆ ತಿಳಿ ಬೂದು ಹಚ್ಚಿದರು, ಅದರ ಮೇಲೆ ಗಾಢ ಬೂದು. ಒಂದು ಹುಡುಗಿ, “ಮಿಸ್, ಹಾಳಿ ಕಿತ್ತಿ ಬರ್ಲತದ್ರಿ” ಅಂದಳು. ಹೋಗಿ ನೋಡಿದೆ. ನಿಬ್ ಹೋದ ಕಡೆಯೆಲ್ಲ ಹಾಳೆ ನೂಲುನೂಲಾಗಿ ಎದ್ದು ಸಣ್ಣ ಸಣ್ಣ ಉಂಡೆಯಾಗಿತ್ತು, ಆ ಉಂಡೆಗಳು ನಿಬ್ಬಿಗೆ ಅಂಟಿಕೊಂಡು ಮುಂದಿನ ಗೆರೆಗೂ ಕೊಳೆ ಹಚ್ಚಿದ್ದವು. ಎರಡು ಬೂದು ಕೂಡಿರಲೇ ಇಲ್ಲ, ಪಟ್ಟೆ ಪಟ್ಟೆಯಾಗಿ ನಿಂತಿತ್ತು. ಮಾರ್ಕರ್ ಮೂಗಿಗೆ ಹಿಡಿದೆ. ವಾಸನೆಯೇ ಇಲ್ಲ. ಸಾದಾ ಝೆರಾಕ್ಸ್ ಹಾಳೆ ಮೇಲೆ ದಪ್ಪಗೆ ಹಚ್ಚಿ ತಿರುಗಿಸಿದೆ. ಬೆನ್ನ ಕಡೆ ಬೆಳ್ಳಗೆ ಹಾಗೇ ಇತ್ತು. 70-75 ಜಿಎಸ್‌ಎಂನ ಇಂಥ ತೆಳು ಹಾಳೆ ಮೇಲೆ ಖರೇ ಆಲ್ಕೋಹಾಲ್ ಇಂಕ್ ಹಚ್ಚಿದರೆ ಬೆನ್ನಿಗೆ ಬರದೆ ಇರೋದಿಲ್ಲ. ಒಣಗಿದ ಗೆರೆ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟೆ, ಇಡೀ ಗೆರೆ ಹರಿದು ಹೋಯಿತು. ಅಂದರೆ ಒಳಗೆ ತುಂಬಿದ್ದು ಸಾದಾ ಸ್ಕೆಚ್ ಪೆನ್ನಿನ ನೀರಿಂಕು. ಅಂಗಡಿಯಲ್ಲಿ ಹಿಂದಕ್ಕೆ ಹತ್ತಲಿಲ್ಲ ಅಂತ ತೋರಿಸಿದ್ದು ಲಗ್ನಪತ್ರಿಕೆ ದಪ್ಪ ಇತ್ತು ಅಂತ, ಅಷ್ಟೇ. ಕಾಣಿಸಿದ್ದು ಒಂದು ಮಾಲು, ಕಟ್ಟಿಕೊಟ್ಟದ್ದು ಇನ್ನೊಂದು.

ಆಮೇಲೆ ಮಕ್ಕಳನ್ನ ಕೂಡಿಸಿಕೊಂಡು ಎಲ್ಲಾ ಮಾರ್ಕರ್‌ದೂ ಒಂದೊಂದು ಗೆರೆ ಎಳೆಸಿದೆ. 60 ಅಂತ ಬರೆದಲ್ಲಿ ಬೇರೆ ಬೇರೆ ನಂಬರಿನ ಎಷ್ಟೋ ಮಾರ್ಕರ್‌ಗಳಲ್ಲಿ ಒಂದೇ ಬಣ್ಣ. ಮುಚ್ಚಳ ತಿಳಿ ಕಂದು, ಬರೆದರೆ ಕೇಸರಿ. ಬೂದು ಬಣ್ಣದವು ಮುಚ್ಚಳದಲ್ಲಿ ಐದು ಥರ, ಹಾಳೆ ಮೇಲೆ ಎರಡೇ ಥರ. ಬ್ರಷ್ ಕಡೆಯ ನಿಬ್ಬು ಎರಡು ಗೆರೆಗೇ ಕೂದಲಿನಂತೆ ಬಿಚ್ಚಿಕೊಂಡಿತು, ಕೆಲವು ನಿಬ್ಬು ಒತ್ತಿದ ಕೂಡಲೇ ಒಳಗೆ ಇಳಿದು ಹೋದವು. ಎಸ್.ಎಂ. ಪಂಡಿತರಂಥ ಚಿತ್ರಕಾರ 1916ರಲ್ಲಿ ಹುಟ್ಟಿದ ಊರು ಇದು. ಈ ಊರಿನ ಮಕ್ಕಳ ಕೈಗೆ ಇಂಥದ್ದು ಕೊಡ್ತಾರಲ್ಲ, ಮನಸ್ಸಾದರೂ ಹೇಗೆ ಬರ್ತದೆ?

ಡಬ್ಬಿ ತಗೊಂಡು ಅಂಗಡಿಗೆ ಹೋದೆ. ಉತ್ತರ ಕೇಳ್ರಿ.

ಮೊದಲು, “ಮಕ್ಳು ಜೋರ್ ಒತ್ತಿ ಬರದ್ರ ಹಾಳಿ ಹರೀತದ್ರಿ.” ನಾನೇ ಅವನೆದುರು ಹಗುರಾಗಿ ಬರೆದು ತೋರಿಸಿದೆ. “ನಿಮ್ಮ ಹಾಳಿ ಛಲೋ ಇಲ್ರಿ.” ಸರಿ, ನೀನೇ ನಿನ್ನ ಹಾಳೆ ಕೊಡಪ್ಪಾ ಅಂದೆ. ಕೊಡಲಿಲ್ಲ. “ಬ್ಯಾಸಗಿ ಅದಲ್ರೀ, ನಮ್ ಕಲಬುರಗಿ ಬಿಸಿಲಿಗಿ ಇಂಕ್ ಒಣಗ್ಯಾದ” ಅಂದ. ಒಣಗಿದ ಇಂಕು ನೀರು ಕುಡಿಸಿ ಹಾಳೆ ಹರೀತದೇನು? ಬಿಸಿಲು ನಲವತ್ತು ಡಿಗ್ರಿ ದಾಟ್ತದೆ ಅಂತ ಇಂಕಿನ ಜಾತಿಯೇ ಬದಲಾಗ್ತದೇನು? ವಾಸನೆ ಯಾಕಿಲ್ಲ ಅಂತ ಕೇಳಿದೆ. ಅದಕ್ಕೆ ಅವನು ಒಂದು ಕ್ಷಣವೂ ತಡೆಯದೆ, “ಸ್ಪಿರಿಟ್ ವಾಸನಿ ಮಕ್ಕಳಿಗಿ ಛಲೋ ಅಲ್ರಿ, ಅದಕ್ಕೇ ಕಂಪನಿಯವ್ರು ವಾಸನಿ ತಗದಾರ” ಅಂದ. ಹಾಗಾದರೆ ಅವತ್ತು ತೋರಿಸಿದ ಸೆಟ್ಟಿಗೆ ಯಾಕೆ ವಾಸನೆ ಇತ್ತು? ಅದನ್ನ ತೆಗಿ ಅಂದೆ. “ಅದು ಮಾರಿ ಹೋಯ್ತ್ರಿ.” ತೆರೆದ ಸೆಟ್ಟು ಮಾರಿ ಹೋಯ್ತಂತೆ!

ಅಲ್ಲಿ ನಿಂತ ಗಿರಾಕಿಗಳೆಲ್ಲ ನನ್ನನ್ನೇ ನೋಡ್ತಿದ್ದರು. ಅವರ ಮುಂದೆ ದೊಡ್ಡ ಧ್ವನಿಯಲ್ಲಿ, “ಆರ್ನೂರ ಐವತ್ತಕ್ಕ ಇನ್ನೇನ್ ಬರ್ತದ್ರಿ ಅಕ್ಕೋರೆ?” ಅಂದ. ತಗೊಳ್ಳೋವಾಗ ಮೇಡಂ, ವಾಪಸ್ ಕೇಳಿದಾಗ ಅಕ್ಕೋರೆ. ಆ ರೇಟಿನ ಮಾತಿಗೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಕಡಿಮೆ ರೇಟು ಅಂದರೆ ನಿಬ್ಬು ಬೇಗ ಸವೀತದೆ, ಬಣ್ಣ ಬಿಸಿಲಿಗೆ ಬೇಗ ಮಾಸ್ತದೆ, ಮುಚ್ಚಳ ಸಡಿಲ ಇರ್ತದೆ, ಇಷ್ಟು ನಾನು ಒಪ್ಕೋತೀನಿ. ಸ್ಕೆಚ್ ಪೆನ್ ಅಂತ ಬರೆದು ಸ್ಕೆಚ್ ಪೆನ್ ಕೊಟ್ಟರೆ ನೂರು ರೂಪಾಯಿದೂ ಒಳ್ಳೇದೇ. ಆಲ್ಕೋಹಾಲ್ ಅಂತ ಬರೆದು ನೀರು ತುಂಬಿ ಕೊಡೋದಕ್ಕೆ ರೇಟಿನ ಮಾತು ಯಾಕೆ?

ವಾಟ್ಸಾಪಿನಲ್ಲಿ ನೀರಿನ ಹನಿ ಬಿಟ್ಟ ವಿಡಿಯೋ ಕಳಿಸಿದೆ. “ಕಂಪನಿಗಿ ಕೇಳಿ ಹೇಳ್ತೀನ್ರಿ” ಅಂತ ಬಂತು. ಮತ್ತೆ ಕೇಳಿದ್ದಕ್ಕೆ ಒಂದು ಹೆಬ್ಬೆರಳಿನ ಗುರುತು. ಆಮೇಲೆ ನೀಲಿ ಟಿಕ್ ಮಾತ್ರ. ಯಾವ ಕಂಪನಿಗೆ ಕೇಳ್ತಾನೆ? ಸ್ಟಿಕ್ಕರ್ ಕಿತ್ತು ನೋಡಿದರೆ ತಯಾರಿಸಿದವರ ಹೆಸರಿಲ್ಲ, ತರಿಸಿದವರ ವಿಳಾಸವಿಲ್ಲ, ಯಾವ ದೇಶದ್ದು ಅಂತಲೂ ಇಲ್ಲ. ಪ್ಯಾಕ್ ಮಾಡಿ ಮಾರೋ ಮಾಲಿನ ಮೇಲೆ ಇದೆಲ್ಲ ಇರಲೇಬೇಕು ಅಂತ 2011ರ ನಿಯಮವೇ ಇದೆ. ಬಿಲ್ ಅಂತ ಕೊಟ್ಟದ್ದು ಅಂಗಡಿಯ ಹೆಸರೂ ಇಲ್ಲದ ಬಿಳಿ ಚೀಟಿ.

ಒಬ್ಬ ಹುಡುಗನ ತಾಯಿ ಸಂಜೆ ಕರಕೊಂಡು ಹೋಗೋಕೆ ಬಂದಾಗ, “ಮಿಸ್, ಇದ್ಕಿಂತ ನಮ್ ಹುಡ್ಗನ ಹಳೀ ಸ್ಕೆಚ್ ಪೆನ್ನೇ ಛಲೋ ಇದ್ವಲ್ರೀ” ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಮೆಲ್ಲಗೇ ಅಂದಳು. ನನಗೆ ತಲೆ ಎತ್ತೋಕೆ ಆಗಲಿಲ್ಲ. ಎಲ್ಲರ ರೊಕ್ಕ ನಾನೇ ಕೈಯಿಂದ ತಿರುಗಿ ಕೊಡ್ತಾ ಇದ್ದೀನಿ, ಒಬ್ಬಿಬ್ಬರು ತಗೊಳ್ಳೋಕೆ ಒಪ್ತಾ ಇಲ್ಲ, ಅದು ಇನ್ನೂ ಸಂಕಟ.

ನೀವು ಹೋಗೋದಾದರೆ ಮನೆಯಿಂದಲೇ ಒಂದು ಝೆರಾಕ್ಸ್ ಹಾಳೆ ಮಡಚಿಕೊಂಡು ಹೋಗ್ರಿ. ಅವರು ಕೊಡೋ ಕಾರ್ಡಿನ ಮೇಲೆ ಬರೆದು ನೋಡಬ್ಯಾಡ್ರಿ. ನಿಮಗೆ ಕೊಡೋ ಡಬ್ಬಿಯನ್ನೇ ಒಡೆಸಿ ನಿಮ್ಮ ಹಾಳೆ ಮೇಲೆ ಬರೀರಿ, ಬೆನ್ನಿಗೆ ಬಣ್ಣ ಬಂದರೆ ಆಲ್ಕೋಹಾಲ್ ಇರಬಹುದು, ಬರದಿದ್ದರೆ ಸುಳ್ಳು. ಡಬ್ಬಿಯ ಪ್ಲಾಸ್ಟಿಕ್ ಮೇಲೊಂದು ಗೆರೆ ಎಳೀರಿ, ನೀರಿಂಕು ಹನಿಹನಿಯಾಗಿ ಕೂತು ಬೆರಳಿಗೇ ಒರೆಸಿ ಬರ್ತದೆ. ಹತ್ತಿರದ ಎರಡು ಛಾಯೆ, ಅದರಲ್ಲೂ ಎರಡು ಬೂದು ತೆಗೆದು ಹಚ್ಚಿ, ಗೆರೆ ಕಾಣದ ಹಾಗೆ ಕೂಡ್ತಾವೇನು ನೋಡ್ರಿ. ಸೀಲ್ ಒಡೆಯೋಕೆ ಬಿಡದಿದ್ದರೆ ಅಂಗಡಿ ಇಳಿದು ಬಂದುಬಿಡ್ರಿ. ಖರೇ ಆಲ್ಕೋಹಾಲ್ ಮಾರ್ಕರ್ ಸಿಕ್ಕರೆ ಅಡ್ಡ ಮಲಗಿಸಿ ಇಡ್ರಿ, ನಿಲ್ಲಿಸಿದರೆ ಇಂಕ್ ಒಂದೇ ಕಡೆ ಇಳೀತದೆ.

ಬಿಲ್ ಕೊಡದೆ ಇರೋದು ಮತ್ತು ಕೆಟ್ಟ ಮಾಲು ವಾಪಸ್ ತಗೊಳ್ಳದೆ ಇರೋದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಅಂತಲೇ ಇದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನದೊಳಗೆ ವಾಪಸ್ ತಗೋಬೇಕು. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀನಿ. ಬಿಡೋದಿಲ್ಲ. ಇದೇ ಥರ ಹೆಸರು-ವಿಳಾಸ ಇಲ್ಲದ 60 ಬಣ್ಣದ ಡಬ್ಬಿ ನಿಮ್ಮ ಮನೆಗೂ ಬಂದಿದ್ದರೆ ಡಬ್ಬಿ, ಸ್ಟಿಕ್ಕರ್, ಚೀಟಿ ಯಾವುದನ್ನೂ ಎಸೆಯಬ್ಯಾಡ್ರಿ. ಒಂದು ಹನಿ ನೀರು ಬಿಟ್ಟು ವಿಡಿಯೋ ಮಾಡಿಟ್ಟುಕೊಂಡು ನೀವೂ ದೂರು ಕೊಡ್ರಿ.