ಪೈಟಾರ್ಚ್‌ನ ಭಾರ ಇಳಿಸಲು ಮೂರು ದಾರಿ: ನನ್ನ ಆಯ್ಕೆ ಓಎನ್‌ಎನ್‌ಎಕ್ಸ್ ರನ್‌ಟೈಮ್

ಕನ್ನಡ ಸುದ್ದಿಗಳನ್ನು ವಿಷಯವಾರು ವಿಂಗಡಿಸುವ ಸಣ್ಣ ಸೇವೆಯೊಂದನ್ನು ನಡೆಸುತ್ತಿದ್ದೇನೆ. ವಿಂಗಡಿಸುವುದು ಪೈಟಾರ್ಚ್ (ಚಿಕ್ಕದಾಗಿ ಟಾರ್ಚ್) ಎಂಬ ಯಂತ್ರಕಲಿಕೆಯ ಲೈಬ್ರರಿಯಲ್ಲಿ ತಯಾರಾದ ಮಾಡೆಲ್. ಸೇವೆ ಓಡುವುದು ಜಿಪಿಯು (ಇಂಥ ಲೆಕ್ಕಗಳನ್ನು ವೇಗವಾಗಿ ಮಾಡುವ ಗ್ರಾಫಿಕ್ಸ್ ಚಿಪ್) ಇಲ್ಲದ, ಕಡಿಮೆ ಬಾಡಿಗೆಯ ಸರ್ವರ್‌ನಲ್ಲಿ. ಲಿನಕ್ಸ್‌ನಲ್ಲಿ ಪೈಥಾನ್ ಪ್ಯಾಕೇಜುಗಳನ್ನು ಇಳಿಸುವ ಸಾಧನವಾದ ಪಿಪ್‌ಗೆ ‘ಪಿಪ್ ಇನ್‌ಸ್ಟಾಲ್ ಟಾರ್ಚ್’ ಎಂದರೆ ಜಿಪಿಯು ಬಳಸಲು ಬೇಕಾದ ಕುಡಾ ಲೈಬ್ರರಿಗಳೂ ಜೊತೆಗೇ ಇಳಿದು ಹಲವು ಜಿಬಿ ಜಾಗ ನುಂಗುತ್ತವೆ. ಜಿಪಿಯು ಇಲ್ಲದ ಯಂತ್ರಕ್ಕೆ ಅವುಗಳಿಂದ ಚೂರೂ ಪ್ರಯೋಜನವಿಲ್ಲ. ಆದರೂ ಪ್ರತಿ ಬಾರಿ ಹೊಸ ಆವೃತ್ತಿ ಏರಿಸುವಾಗ ಆ ಹೊರೆಯನ್ನೇ ಹೊತ್ತು ಸಾಗಿಸಬೇಕಿತ್ತು. ಇದರಿಂದ ಬಿಡಿಸಿಕೊಳ್ಳಲು ಮೂರು ದಾರಿಗಳನ್ನು ಬಳಸಿ ನೋಡಿದೆ. ಈಗ ಉಳಿಸಿಕೊಂಡಿರುವುದು ಓಎನ್‌ಎನ್‌ಎಕ್ಸ್ ರನ್‌ಟೈಮನ್ನು, ಅಂದರೆ ಓಎನ್‌ಎನ್‌ಎಕ್ಸ್ ಎಂಬ ಕಡತ ರೂಪಕ್ಕೆ ಪರಿವರ್ತಿಸಿದ ಮಾಡೆಲನ್ನು ಟಾರ್ಚ್ ಇಲ್ಲದೆಯೇ ಓಡಿಸುವ ಸಾಧನವನ್ನು.

ಮೊದಲನೆಯದು ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಮೇಲೆ ಇಮೇಜ್ (ಸರ್ವರ್‌ಗೆ ಏರಿಸುವ ಸೇವೆಯ ಇಡೀ ಕಟ್ಟು) ಕಟ್ಟುವುದು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಆಲ್ಪೈನ್‌ನಲ್ಲಿರುವ ಮೂಲ ಸಿ ಲೈಬ್ರರಿ, ಹೆಚ್ಚಿನ ಲಿನಕ್ಸ್‌ಗಳಲ್ಲಿರುವ ಜಿಲಿಬ್‌ಸಿ ಅಲ್ಲ, ಮಸಲ್. ಅದಕ್ಕೆ ಹೊಂದುವ ಟಾರ್ಚ್ ವೀಲ್ (ಮೊದಲೇ ಕಂಪೈಲ್ ಆದ ಪ್ಯಾಕೇಜ್) ಪಿಪ್‌ಗೆ ಸಿಗುವುದಿಲ್ಲ. ಕೆಲವು ಎಂಬಿ ಉಳಿಸಲು ಟಾರ್ಚನ್ನು ಮೂಲದಿಂದ ಕಂಪೈಲ್ ಮಾಡುವ ತಾಳ್ಮೆ ನನಗಿಲ್ಲ.

ಎರಡನೆಯದು ಪೈಟಾರ್ಚ್‌ನ ಸಿಪಿಯು ಆವೃತ್ತಿ. ಡೌನ್‌ಲೋಡ್ ಸುಮಾರು 200 ಎಂಬಿ, ಕೋಡಿನಲ್ಲಿ ಒಂದು ಸಾಲೂ ಬದಲಾಗಬೇಕಿಲ್ಲ. ಆದರೆ ಸಿಪಿಯು ಭಂಡಾರದ ವಿಳಾಸವನ್ನು ಹೆಚ್ಚುವರಿ ಇಂಡೆಕ್ಸ್ ಎಂದು ಕೊಟ್ಟರೆ ಪಿಪ್ ಅಲ್ಲೂ ತನ್ನ ಮಾಮೂಲಿ ಭಂಡಾರದಲ್ಲೂ ಹುಡುಕಿ, ದೊಡ್ಡ ಸಂಖ್ಯೆಯ ಆವೃತ್ತಿಯನ್ನು ಎತ್ತಿಕೊಳ್ಳುತ್ತದೆ; ಕುಡಾ ಹಿಂಬಾಗಿಲಿನಿಂದ ಮರಳಿ ಬರಬಹುದು. ಆವೃತ್ತಿಯ ಸಂಖ್ಯೆಯ ಜೊತೆಗೆ ‘ಪ್ಲಸ್ ಸಿಪಿಯು’ ಎಂದೂ ಬರೆದು ಕಟ್ಟಿಹಾಕಬೇಕು.

ಓಎನ್‌ಎನ್‌ಎಕ್ಸ್‌ನ ದಾರಿ ಬೇರೆ. ಮಾಡೆಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಆ ರೂಪಕ್ಕೆ ಪರಿವರ್ತಿಸುತ್ತೇನೆ. ಸರ್ವರ್‌ಗೆ ಹೋಗುವುದು 20 ಎಂಬಿ ಆಸುಪಾಸಿನ ರನ್‌ಟೈಮ್, ನಮ್‌ಪೈ (ಸಂಖ್ಯೆಗಳ ಲೈಬ್ರರಿ), ಟೋಕನೈಜರ್ಸ್ (ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆಯುವ ಲೈಬ್ರರಿ) ಮತ್ತು ಮಾಡೆಲ್ ಕಡತ ಮಾತ್ರ. ಟಾರ್ಚ್ ಇಲ್ಲ, ಭಾಷಾ ಮಾಡೆಲ್‌ಗಳನ್ನು ಬಳಸಲು ನೆರವಾಗುವ ಟ್ರಾನ್ಸ್‌ಫಾರ್ಮರ್ಸ್ ಲೈಬ್ರರಿ ಕೂಡ ಇಲ್ಲ.

ನನ್ನನ್ನು ನಿಜವಾಗಿ ಕಾಡಿದ ತೊಡಕು ಇದ್ದದ್ದು ಇಲ್ಲೇ. ಟ್ರಾನ್ಸ್‌ಫಾರ್ಮರ್ಸ್ ಬಿಟ್ಟು, ಪದಪಟ್ಟಿಯ ಕಡತದಿಂದ ಬರ್ಟ್ (ಒಂದು ಭಾಷಾ ಮಾಡೆಲ್) ಮಾದರಿಯ ಟೋಕನೈಜರ್ ಕಟ್ಟಿದಾಗ ಫಲಿತಾಂಶಗಳು ಕೆಟ್ಟವು. ಎಲ್ಲೂ ದೋಷಸಂದೇಶವಿಲ್ಲ, ಸೇವೆ ಸಲೀಸಾಗಿ ಓಡುತ್ತಿದೆ, ಉತ್ತರಗಳು ಮಾತ್ರ ದಿಕ್ಕುತಪ್ಪಿವೆ. ಟೋಕನ್‌ಗಳನ್ನು ಮುದ್ರಿಸಿ ನೋಡಿದಾಗ ಕಾರಣ ಸಿಕ್ಕಿತು. ದೊಡ್ಡ (ಕ್ಯಾಪಿಟಲ್) ಅಕ್ಷರಗಳನ್ನು ಸಣ್ಣ ಅಕ್ಷರಗಳಾಗಿಸುವ ಆಯ್ಕೆ ತಾನಾಗಿಯೇ ಚಾಲೂ ಇರುತ್ತದೆ. ಅದರ ಜೊತೆಗೆ ಅಕ್ಷರದ ಮೇಲಿನ ಚಿಹ್ನೆಗಳನ್ನು ಕಿತ್ತುಹಾಕುವ ಕೆಲಸವೂ ನಡೆಯುತ್ತದೆ. ಫ್ರೆಂಚ್‌ನಂಥ ಭಾಷೆಗೆ ಅದು ಸಣ್ಣ ನಷ್ಟ. ಕನ್ನಡದಲ್ಲಿ ಗುಡಿಸು (ಿ), ಎತ್ವ (ೆ), ಅರ್ಧಾಕ್ಷರದ ಹಲಂತ ಚಿಹ್ನೆ (್), ಎಲ್ಲವೂ ಯುನಿಕೋಡ್‌ನಲ್ಲಿ ಆ ಚಿಹ್ನೆಗಳ ವರ್ಗಕ್ಕೇ ಸೇರಿವೆ. ಹಾಗಾಗಿ ‘ಕನ್ನಡ’ ಎಂಬುದು ‘ಕನನಡ’ ಆಗುತ್ತದೆ. ‘ಬೆಲೆ’ಯೂ ‘ಬಲ’ವೂ ಒಂದೇ ಆಗುತ್ತವೆ! ಮಾರುಕಟ್ಟೆಯ ಸುದ್ದಿಗಳನ್ನು ಗುರುತಿಸಬೇಕಾದ ಮಾಡೆಲ್‌ಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ?

ಪರಿಹಾರ ಸುಲಭ. ಟ್ರಾನ್ಸ್‌ಫಾರ್ಮರ್ಸ್ ಇರುವ ಯಂತ್ರದಲ್ಲೇ, ಮಾಡೆಲ್‌ನ ಮೂಲ ಹೊಂದಾಣಿಕೆಗಳೊಂದಿಗೆ ಟೋಕನೈಜರನ್ನು ಜೇಸನ್ ಕಡತವಾಗಿ ಉಳಿಸಿ, ಸರ್ವರ್‌ನಲ್ಲಿ ಅದನ್ನೇ ತೆರೆಯಬೇಕು. ಜೊತೆಗೆ ನಾಲ್ಕಾರು ಕನ್ನಡ ವಾಕ್ಯಗಳ ಟೋಕನ್‌ಗಳನ್ನು ಎರಡೂ ಕಡೆ ಹೋಲಿಸುವ ಪರೀಕ್ಷೆಯೊಂದನ್ನು ಬರೆದಿಟ್ಟಿದ್ದೇನೆ. ಅದು ಪಾಸಾಗದೆ ಇಮೇಜ್ ಮುಂದೆ ಹೋಗುವುದಿಲ್ಲ.

ಪರಿವರ್ತಿಸುವಾಗ ವಾಕ್ಯದ ಉದ್ದ ಮತ್ತು ಬ್ಯಾಚ್‌ನ (ಒಮ್ಮೆಗೆ ಕೊಡುವ ವಾಕ್ಯಗಳ ಗುಂಪಿನ) ಗಾತ್ರ ಬದಲಾಗಬಹುದು ಎಂದು ಘೋಷಿಸಿರಬೇಕು. ಇಲ್ಲವಾದರೆ ಮಾದರಿಯಾಗಿ ಕೊಟ್ಟ ಅಳತೆಯೇ ಕಾಯಂ ಆಗಿಬಿಡಬಹುದು.

ಇಷ್ಟಾದರೂ ನನ್ನ ಆಯ್ಕೆ ಬದಲಾಗಿಲ್ಲ. ನಾನು ಮಾಡೆಲನ್ನು ಅಪರೂಪಕ್ಕೆ ಬದಲಿಸುತ್ತೇನೆ, ಸುತ್ತಲಿನ ಕೋಡನ್ನು ಪದೇಪದೇ ತಿದ್ದಿ ಏರಿಸುತ್ತೇನೆ. ಅಂಥವರಿಗೆ ಹಗುರವಾದ ಇಮೇಜ್ ದಿನನಿತ್ಯದ ನೆಮ್ಮದಿ. ಡಿಸ್ಕ್‌ಗಾಗಿ ದುಬಾರಿ ಸರ್ವರ್ ಹಿಡಿಯುವ ಖರ್ಚೂ ತಪ್ಪುತ್ತದೆ. ಮಾಡೆಲನ್ನು ಸರ್ವರ್‌ನಲ್ಲೇ ಮತ್ತೆ ಮತ್ತೆ ತರಬೇತುಗೊಳಿಸುವವರು ಸಿಪಿಯು ಟಾರ್ಚನ್ನೇ ಹಿಡಿಯಲಿ, ಓಎನ್‌ಎನ್‌ಎಕ್ಸ್ ಅವರಿಗೆ ಪ್ರತಿ ಸಲದ ಹೆಚ್ಚುವರಿ ಕೆಲಸವಾಗುತ್ತದೆ.