ಫೋರ್ಡ್ 302 ಎಂಜಿನ್ನಿಗೆ ಟ್ವಿಸ್ಟೆಡ್ ವೆಜ್ ಹೆಡ್: ಬ್ಲಾಕ್ ತಾಳುವಷ್ಟು ಮಾತ್ರ

ನನ್ನ 1990ರ ಮಸ್ಟ್ಯಾಂಗ್ ಎಲ್‌ಎಕ್ಸ್ ಕಾರಿನ 5.0 ಲೀಟರ್ ಎಂಜಿನ್ನಿಗೆ ಟ್ರಿಕ್ ಫ್ಲೋ ಕಂಪನಿಯ ಟ್ವಿಸ್ಟೆಡ್ ವೆಜ್ 170 ಅಲ್ಯೂಮಿನಿಯಂ ಹೆಡ್‌ಗಳನ್ನು (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತು ವಾಲ್ವ್‌ಗಳನ್ನು ಹೊರುವ ಭಾಗ) ಕೂರಿಸಿ, ಎರಡು ಬೇಸಿಗೆ ಓಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಿಶಿಗನ್‌ನಲ್ಲಿ ರಸ್ತೆಗೆ ಉಪ್ಪು ಸುರಿಯುವ ನಾಲ್ಕೈದು ತಿಂಗಳು ಇಂಥ ಕಾರು ಗ್ಯಾರೇಜು ಬಿಟ್ಟು ಹೊರಡುವುದಿಲ್ಲ. ಹಾಗಾಗಿ ಎಂಜಿನ್ ಬಿಚ್ಚಿ, ಅಳೆದು, ಮತ್ತೆ ಜೋಡಿಸಲು ನನಗೆ ಪುರಸೊತ್ತು ಬೇಕಾದಷ್ಟಿತ್ತು. ಹೆಡ್ ಚೆನ್ನಾಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಎಂಜಿನ್ನಿನಲ್ಲಿ ಹೆಡ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಸಿಲಿಂಡರುಗಳನ್ನು ಹೊತ್ತ ಕೆಳಗಿನ ಬ್ಲಾಕಿನಲ್ಲಿದೆ, ಆದ್ದರಿಂದ ಅಲ್ಲಿಂದಲೇ ಶುರುಮಾಡಬೇಕು.

302 ಘನ ಇಂಚಿನ, ಅಂದರೆ ಇದೇ 5.0 ಲೀಟರಿನ, ಬ್ಲಾಕು 1968ರಲ್ಲಿ ಬಂದದ್ದು. ಡೆಟ್ರಾಯಿಟ್ ನದಿಯಾಚೆ ಕೆನಡಾದ ವಿಂಡ್ಸರ್‌ನಲ್ಲಿ ತಯಾರಾಗುತ್ತಿದ್ದುದರಿಂದ ಈ ಎಂಜಿನ್ ಕುಟುಂಬಕ್ಕೆ ಆ ಊರಿನ ಹೆಸರೇ ಅಂಟಿಕೊಂಡಿತು. ಸಿಲಿಂಡರಿನ ಅಗಲ, ಅಂದರೆ ಬೋರ್, 4 ಇಂಚು; ಪಿಸ್ಟನ್ ಓಡಾಡುವ ದೂರ, ಅಂದರೆ ಸ್ಟ್ರೋಕ್, 3 ಇಂಚು. ಅಗಲವಾದ ಬೋರಿಗೆ ದೊಡ್ಡ ವಾಲ್ವ್ ಕೂರಿಸಬಹುದು, ಗಿಡ್ಡ ಸ್ಟ್ರೋಕಿನಿಂದ ಎಂಜಿನ್ ಚುರುಕಾಗಿ ತಿರುಗುತ್ತದೆ. ಫೋರ್ಡಿನವರು ತೂಕ ಉಳಿಸಲು ಎರಕವನ್ನು ತೆಳುವಾಗಿ ಹೊಯ್ದರು, ಕ್ರ್ಯಾಂಕ್ ದಂಡವನ್ನು ಕೆಳಗಿನಿಂದ ಹಿಡಿಯುವ ಮೇನ್ ಕ್ಯಾಪ್‌ಗಳಿಗೆ ತಲಾ ಎರಡೇ ಬೋಲ್ಟು ಕೊಟ್ಟರು. 1987ರಿಂದ 1992ರವರೆಗಿನ ಮಸ್ಟ್ಯಾಂಗಿನ 225 ಅಶ್ವಶಕ್ತಿಗೆ ಅದು ಧಾರಾಳವಾಗಿ ಸಾಕಿತ್ತು. 500ರ ಆಸುಪಾಸು ತಲುಪಿತೆಂದರೆ ಮಾತ್ರ ಮೇನ್ ಬೇರಿಂಗುಗಳನ್ನು ಹೊತ್ತ ಅಡ್ಡಗೋಡೆಗಳಿಂದ, ವಾಲ್ವ್ ಎತ್ತುವ ಲಿಫ್ಟರ್‌ಗಳು ಕೂರುವ ಕಣಿವೆಯವರೆಗೆ ಬಿರುಕು ಓಡಿ, ಬ್ಲಾಕು ಉದ್ದಕ್ಕೆ ಸೌದೆಯಂತೆ ಸೀಳುತ್ತದೆ. 500 ಎಂಬುದು ಗೆರೆ ಎಳೆದ ಲೆಕ್ಕವೇನಲ್ಲ. ಎಂಜಿನ್ ನಾಕ್ ಹೊಡೆಯುತ್ತಿದ್ದರೆ (ಇಂಧನ ಹದತಪ್ಪಿ ಸಿಡಿದು ಬಡಿಯುವುದು), ಮಿತಿ ಮೀರಿ ತಿರುಗಿಸಿದರೆ, ಅದಕ್ಕೂ ಮುಂಚೆಯೇ ಸೀಳಬಹುದು.

ಇಷ್ಟು ಗೊತ್ತಿದ್ದರೆ ಹೆಡ್ ಆರಿಸುವ ಕೆಲಸ ಅರ್ಧ ಮುಗಿದಂತೆ. ಹಳೆಯ ಬ್ಲಾಕನ್ನೇ ಉಳಿಸಿಕೊಂಡು ಟರ್ಬೊ ಇಲ್ಲದೆ ಓಡಿಸುವವರಿಗೆ ಬೇಕಿರುವುದು ಮಧ್ಯಮ ವೇಗದಲ್ಲಿ ಗಾಳಿ ಚುರುಕಾಗಿ ನುಗ್ಗುವಂಥ ಸಾಧಾರಣ ಗಾತ್ರದ ಪೋರ್ಟು, ಅಂದರೆ ಹೆಡ್ಡಿನೊಳಗಿನ ಗಾಳಿಯ ಹಾದಿ; ಅದಕ್ಕಿಂತ ದೊಡ್ಡದನ್ನು ತಂದರೆ ಕೆಳಗಿನ ಎಳೆತ ಸಡಿಲವಾಗುತ್ತದೆ, ಮೇಲಿನ ಲಾಭ ಸಿಗುವಷ್ಟು ವೇಗದಲ್ಲಿ ತಿರುಗಿಸಲು ಬ್ಲಾಕಿನ ಭಯ ಬಿಡುವುದಿಲ್ಲ. ಕಾರಿನೊಂದಿಗೇ ಬಂದ ಫೋರ್ಡಿನ ಇ7ಟಿಇ ಎರಕದ ಹೆಡ್ಡಿನಲ್ಲಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ 1.78 ಇಂಚು, ಹೊಗೆ ಹೊರಬಿಡುವ ಎಕ್ಸಾಸ್ಟ್ 1.46 ಇಂಚು, ಎಂಜಿನ್ನಿನ ಉಸಿರು ಕಟ್ಟುವುದೇ ಅಲ್ಲಿ. ನನ್ನ ಮುಂದೆ ಎರಡು ಆಯ್ಕೆಗಳು ಉಳಿದಿದ್ದವು: 1.90 ಇಂಚಿನ ಇನ್‌ಟೇಕ್ ವಾಲ್ವ್ ಇರುವ, ಎಎಫ್‌ಆರ್ ಕಂಪನಿಯ 165 ಮತ್ತು 2.02 ಇಂಚಿನ ವಾಲ್ವ್ ಇರುವ ಈ ಟ್ವಿಸ್ಟೆಡ್ ವೆಜ್ 170. ಎಎಫ್‌ಆರ್ ಹೆಡ್ಡಿನ ಕೆತ್ತನೆ ಕಣ್ಣಿಗೆ ಹಬ್ಬವೆಂದು ಒಪ್ಪಿಕೊಳ್ಳಲೇಬೇಕು. ಆದರೂ ಟ್ರಿಕ್ ಫ್ಲೋ ಕಡೆಗೆ ನಾನು ವಾಲಿದ್ದು ವಾಲ್ವ್‌ನ ಕೋನಕ್ಕಾಗಿ. ಫೋರ್ಡಿನ 20 ಡಿಗ್ರಿಗೆ ಬದಲಾಗಿ ಇಲ್ಲಿ ಇನ್‌ಟೇಕ್ 15 ಡಿಗ್ರಿ, ಎಕ್ಸಾಸ್ಟ್ 17 ಡಿಗ್ರಿ ವಾಲಿದ್ದು, ವಾಲ್ವ್‌ಗಳ ಜಾಗವೂ ತುಸು ಸರಿದಿರುವುದರಿಂದ, ಹಳೆಯ ಪಿಸ್ಟನ್ನಿನ ತಲೆಯನ್ನು ಕೊರೆಯದೆಯೇ ದೊಡ್ಡ ವಾಲ್ವ್ ಓಡಾಡಬಲ್ಲದು.

ಟ್ರಿಕ್ ಫ್ಲೋದವರ ಈ ಮಾತನ್ನು ನಾನು ನಂಬಿ ಸುಮ್ಮನಾಗಲಿಲ್ಲ, ನೀವೂ ಆಗಬೇಡಿ. ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಒಂದನೇ ಪಿಸ್ಟನ್ನಿನ ಮೇಲೆ ಒತ್ತಿ, ದೋಸೆ ಕಾವಲಿಗೆ ಸವರುವಂತೆ ವಾಲ್ವ್ ಮುಖಕ್ಕೆ ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ. ಹೈಡ್ರಾಲಿಕ್ ಲಿಫ್ಟರ್ ಒತ್ತಡಕ್ಕೆ ಕುಗ್ಗಿ ಸುಳ್ಳು ಅಳತೆ ಕೊಡುವುದರಿಂದ ಆ ಸಿಲಿಂಡರಿಗೆ ಮಾತ್ರ ಕುಗ್ಗದ ಲಿಫ್ಟರ್ ಹಾಕಿದ್ದೆ. ಬಿಚ್ಚಿ, ಬ್ಲೇಡಿನಿಂದ ಜೇಡಿಯನ್ನು ಸೀಳಿ ಅಳೆದಾಗ ಅತಿ ತೆಳುವಾದ ಕಡೆ, ಅಂದರೆ ವಾಲ್ವ್ ಪಿಸ್ಟನ್ನಿಗೆ ಅತಿ ಹತ್ತಿರ ಬರುವ ಕಡೆ, ಇನ್‌ಟೇಕ್ ಬದಿಗೆ 0.110 ಇಂಚು, ಎಕ್ಸಾಸ್ಟ್ ಬದಿಗೆ 0.135 ಇಂಚು ಬಂತು. ಇನ್‌ಟೇಕಿಗೆ 0.080, ಎಕ್ಸಾಸ್ಟಿಗೆ 0.100 ಇದ್ದರೆ ಸಾಕೆಂಬುದು ರೂಢಿ.

ಇನ್ನು ಬ್ಲಾಕನ್ನು ಗಟ್ಟಿ ಮಾಡುವುದರ ಬಗ್ಗೆ. ಐದೂ ಮೇನ್ ಕ್ಯಾಪ್‌ಗಳನ್ನು ಒಂದೇ ಚೌಕಟ್ಟಿಗೆ ಬಿಗಿಯುವ ಗರ್ಡಲ್ ಎಂಬ ಲೋಹದ ಪಟ್ಟಿಯನ್ನು ಈ ಎಂಜಿನ್ನಿಗೆಂದೇ ಮಾರುತ್ತಾರೆ, ಹಾಕಿಸಿದವರು ಹೆಮ್ಮೆಯಿಂದ ತೋರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ದಂಡ. ಕ್ಯಾಪ್‌ಗಳ ಓಲಾಟವನ್ನು ಅದು ಕಡಿಮೆ ಮಾಡಬಹುದು, ಆದರೆ ಬಿರುಕು ಹುಟ್ಟುವುದು ಕ್ಯಾಪಿನ ಮೇಲಿರುವ ಎರಕದಲ್ಲಿ, ಅಲ್ಲಿಗೆ ಪಟ್ಟಿ ತಲುಪುವುದೇ ಇಲ್ಲ. ನೀರಿನ ಹಾದಿಯಲ್ಲಿ ಅರ್ಧಕ್ಕೆ ಗಾರೆ ತುಂಬಿಸುವುದರಿಂದ ಸಿಲಿಂಡರ್ ಗೋಡೆ ಬಿಗಿಯಾಗುತ್ತದೆ, ಲಿಫ್ಟರ್ ಕಣಿವೆಗೆ ಅದರಿಂದಲೂ ಉಪಯೋಗವಿಲ್ಲ. ರಸ್ತೆಯ ಕಾರಿಗಂತೂ ಎಣ್ಣೆ ಕಾಯುವ ತಲೆನೋವು ಬೇರೆ. ನಾನು ಮಾಡಿಸಿದ್ದು ಮೂರೇ ಕೆಲಸ: ಸಿಲಿಂಡರ್ ಗೋಡೆಯ ದಪ್ಪವನ್ನು ಅಲ್ಟ್ರಾಸೋನಿಕ್ ಉಪಕರಣದಿಂದ ಪರೀಕ್ಷಿಸಿ 0.030 ಇಂಚು ಮಾತ್ರ ಅಗಲವಾಗಿ ಬೋರ್ ಮಾಡಿಸಿದೆ; ಮೇನ್ ಬೋಲ್ಟುಗಳ ಬದಲು ಎಆರ್‌ಪಿ ಕಂಪನಿಯ ಸ್ಟಡ್ ಹಾಕಿಸಿ, ಬಿಗಿತ ಬದಲಾದಾಗ ಬೇರಿಂಗ್ ಗೂಡಿನ ದುಂಡು ಕೆಡುವುದರಿಂದ ಲೈನ್ ಹೋನಿಂಗ್ (ಗೂಡುಗಳನ್ನೆಲ್ಲ ಒಂದೇ ಸಾಲಿಗೆ ದುಂಡಗೆ ಉಜ್ಜುವುದು) ಮಾಡಿಸಿದೆ; ತಿರುಗುವ ಭಾಗಗಳನ್ನೆಲ್ಲ ಒಟ್ಟಿಗೆ ಬ್ಯಾಲೆನ್ಸ್ ಮಾಡಿಸಿದೆ. ಇದರಿಂದ ಬ್ಲಾಕಿನ ಮಿತಿ ಏರಿತೆಂದು ನಾನು ಭಾವಿಸಿಲ್ಲ, ಮಿತಿಯೊಳಗೆ ಅದು ನೆಮ್ಮದಿಯಾಗಿರುತ್ತದೆ ಅಷ್ಟೆ. ನಿಜವಾಗಿ ಗಟ್ಟಿ ಬೇಕೆನ್ನುವವರಿಗೆ ಫೋರ್ಡಿನವರದೇ ಬಾಸ್ 302 ಬ್ಲಾಕು ಇದೆ. ನಡುವಿನ ಮೂರು ಮೇನ್ ಕ್ಯಾಪ್‌ಗಳಿಗೆ ನಾಲ್ಕು ನಾಲ್ಕು ಬೋಲ್ಟು, 4.125 ಇಂಚಿನ ಬೋರಿಗೂ ಸಾಲುವ ಗೋಡೆ.

ಬೋರಿಂಗ್ ಕೆಲಸದಲ್ಲಿ ನನಗೊಂದು ಪೆಟ್ಟು ಬಿತ್ತು. ಮೊದಲು ಹೋದ ಅಂಗಡಿಯವರು ಟಾರ್ಕ್ ಪ್ಲೇಟ್ ಬಿಗಿದು ಹೋನಿಂಗ್ ಮಾಡಿದ್ದೇವೆಂದು ಬಿಲ್ಲಿನಲ್ಲಿ ಬರೆದಿದ್ದರು. ಹೆಡ್ ಬಿಗಿದಾಗ ಸಿಲಿಂಡರ್ ಹೇಗೆ ಸೊಟ್ಟಗಾಗುತ್ತದೋ ಅದೇ ಸ್ಥಿತಿಯಲ್ಲಿ ದುಂಡಗೆ ಉಜ್ಜಲು ಆ ದಪ್ಪ ಹಲಗೆ ಬೇಕು. ಮನೆಯಲ್ಲಿ ಹೆಡ್ ಬಿಗಿದು, ಬ್ಲಾಕನ್ನು ಬೋರಲು ಹಾಕಿ, ಕ್ರ್ಯಾಂಕ್ ಇಲ್ಲದ ಕೆಳಬದಿಯಿಂದ ಗೇಜ್ ಇಳಿಬಿಟ್ಟರೆ ಮೂರನೇ ಸಿಲಿಂಡರಿನ ಮೇಲ್ತುದಿಯಲ್ಲಿ ಮುಳ್ಳು 0.0015 ಇಂಚು ಜಿಗಿಯಿತು, ಅಂದರೆ ಅಲ್ಲಿ ದುಂಡು ಕೆಟ್ಟಿತ್ತು. ಬೇರೆ ಕಡೆ, ನನ್ನ ಕಣ್ಣೆದುರೇ ಪ್ಲೇಟ್ ಹಾಕಿಸಿ ಮತ್ತೆ ಹೋನಿಂಗ್ ಮಾಡಿಸಬೇಕಾಯಿತು. ಪುಣ್ಯಕ್ಕೆ ಪಿಸ್ಟನ್ನಿನ ಅಂತರ ಮಿತಿಯಲ್ಲೇ ಉಳಿಯಿತು.

ಎಲ್ಲ ಜೋಡಿಸಿದ ಮೇಲೆ ಶಕ್ತಿ ಅಳೆಯುವ ಡೈನೋದಲ್ಲಿ ಹಿಂಚಕ್ರಗಳ ಬಳಿ 308 ಅಶ್ವಶಕ್ತಿ ಬಂತು. ಮುಂಭಾಗದ ತೂಕ ಇಳಿದದ್ದು ತಿರುವುಗಳಲ್ಲಿ ಕೈಗೆ ತಿಳಿಯುತ್ತದೆ. ಹೆಡ್ಡಿನ ಮೇಲೆ ನನ್ನ ದೂರುಗಳು ಚಿಕ್ಕವು. ಹಳೆಯ ಸ್ಪಾರ್ಕ್ ಪ್ಲಗ್ ಇದಕ್ಕೆ ಹೊಂದುವುದಿಲ್ಲ, ಬೇರೆಯದೇ ಕೊಳ್ಳಬೇಕು. ಲಿಫ್ಟರ್‌ನಿಂದ ವಾಲ್ವ್ ಒತ್ತುವ ರಾಕರ್‌ಗೆ ತಳ್ಳುವ ಕಡ್ಡಿ, ಅಂದರೆ ಪುಶ್‌ರಾಡಿನ ಉದ್ದವನ್ನು ಪುಸ್ತಕ ನೋಡಿ ತರಿಸಿದರೆ ಕೆಟ್ಟಿರಿ. ವಾಲ್ವ್ ತುದಿಗೆ ಮಸಿ ಬಳಿದು, ರಾಕರ್ ಉಜ್ಜಿದ ಗುರುತು ತುದಿಯ ನಡುವೆ ತೆಳ್ಳಗೆ ಬೀಳುವವರೆಗೆ ಹೊಂದಿಸಿ ಅಳೆದು, ಆಮೇಲೆ ತರಿಸಿ. ನಾನು ಮೊದಲೇ ತರಿಸಿಟ್ಟ 16 ಪುಶ್‌ರಾಡುಗಳು ಇನ್ನೂ ಗ್ಯಾರೇಜಿನ ಮೂಲೆಯ ಡಬ್ಬದಲ್ಲಿವೆ.