ಚೀಟಿ ಬರೆಯದೆ ಮಾತ್ರೆ ಪೊಟ್ಟಣ ಕೊಡುವವರ ಹತ್ತಿರ ಹೋಗಬೇಡಿ

ನಾನು ಆಲೂರು ಕಡೆಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮೂರು ವರ್ಷದ ಹಿಂದೆ ಕೈಬೆರಳಿನ ಗೆಣ್ಣುಗಳು ನೋಯಲು ಶುರುವಾದವು. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಕತ್ತರಿ ಹಿಡಿಯಬೇಕಾದರೆ ಹತ್ತು ಗಂಟೆ ಆಗಬೇಕಿತ್ತು.

ಹಾಸನದಲ್ಲಿ ಮೂವರು ಡಾಕ್ಟರಿಗೆ ತೋರಿಸಿದೆ. ಒಬ್ಬರು ಎಕ್ಸ್‌ರೇ ನೋಡಿ "ಏನೂ ಇಲ್ಲವಲ್ಲಮ್ಮ" ಅಂದರು. ಇನ್ನೊಬ್ಬರು ಕ್ಯಾಲ್ಸಿಯಂ ಬರೆದರು. ಮೂರನೆಯವರು "ಮನೇಲಿ ಏನಾದ್ರೂ ಟೆನ್ಷನ್ನಾ?" ಅಂತ ಕೇಳಿ, ಉತ್ತರ ಹೇಳುವ ಮೊದಲೇ ಮುಂದಿನವರನ್ನು ಕರೆದರು. ನೋವು ಕಣ್ಣಿಗೆ ಕಾಣಲ್ಲ ಅಲ್ವಾ, ಮನೆಯವರಿಗೂ ನನ್ನ ಮೇಲೆ ಅನುಮಾನ ಬಂತು.

ಆಗ ಪಕ್ಕದ ಮನೆ ಅಕ್ಕ ಹಾಸನದ್ದೇ ಇನ್ನೊಂದು ಕ್ಲಿನಿಕ್ ಹೇಳಿದರು. ಆ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರು. ಒಂದೊಂದೇ ಬೆರಳು ಹಿಡಿದು ನೋಡಿದರು. "ತುಂಬ ಸಹಿಸ್ಕೊಂಡಿದ್ದೀಯ ಕಣಮ್ಮ" ಅಂದರು. ಅಲ್ಲೇ ಅತ್ತುಬಿಟ್ಟೆ. ನಾನು ಮರುಳಾದದ್ದು ಆ ಒಂದು ಮಾತಿಗೆ.

ಒಂದು ಇಂಜೆಕ್ಷನ್ ಕೊಟ್ಟು, ಹದಿನೈದು ದಿನದ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ಮಾತ್ರೆಗಳನ್ನು ಮೊದಲೇ ಸ್ಟ್ರಿಪ್‌ನಿಂದ ಬಿಡಿಸಿಟ್ಟಿದ್ದರು. ಹೆಸರಿಲ್ಲ, ಚೀಟಿ ಇಲ್ಲ, ಬಿಲ್ ಇಲ್ಲ. ಮೂರನೇ ದಿನ ರವಿಕೆಗೆ ಹುಕ್ ಕೂಡ ನಾನೇ ಹಾಕಿದೆ. ದೇವರ ಹಾಗೆ ಕಂಡರು. ಊರಿನ ನಾಲ್ಕು ಜನರನ್ನು ನಾನೇ ಅಲ್ಲಿಗೆ ಕಳಿಸಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಏಳೆಂಟು ತಿಂಗಳು ಹೀಗೇ ನಡೆಯಿತು. ಮುಖ ದುಂಡಗಾಯಿತು. "ಈಗ ಮೈಕೈ ತುಂಬ್ಕೊಂಡಿದ್ದೀಯ, ಚೆನ್ನಾಗ್ ಕಾಣ್ತೀಯ" ಅಂದರು ಮದುವೆ ಮನೆಯಲ್ಲಿ. ಸುಮ್ನೆ ಮೇಜಿಗೆ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ರಾತ್ರಿ ನಾಲ್ಕೈದು ಸಲ ಬಚ್ಚಲಿಗೆ ಏಳುತ್ತಿದ್ದೆ. ವಯಸ್ಸಾಯಿತು ಅಂದುಕೊಂಡೆ.

ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆದಿತ್ತು. ಹಾಸನದಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ. ಪೊಟ್ಟಣ ಖಾಲಿಯಾಗಿತ್ತು. ರಶ್ ಇಳಿಯಲಿ, ಆಮೇಲೆ ಹೋಗೋಣ ಅಂತ ಬಿಟ್ಟೆ. ಮೂರು ದಿನಕ್ಕೆ ವಾಂತಿ ಶುರುವಾಯಿತು. ನಿಂತರೆ ಕಣ್ಣು ಕತ್ತಲೆ. ನಾಲ್ಕನೇ ದಿನ ಅಡುಗೆಮನೆಯಲ್ಲಿ ಬಿದ್ದೆ.

ತಾಲ್ಲೂಕು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬಿ.ಪಿ. ತೀರಾ ಇಳಿದಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ನನ್ನ ಮುಖ ನೋಡಿದವರೇ "ಯಾವ ಮಾತ್ರೆ ತಗೋತಿದ್ರಿ?" ಅಂತ ಕೇಳಿದರು. ನನ್ನ ಯಜಮಾನರು ಖಾಲಿ ಪೊಟ್ಟಣ ತೋರಿಸಿದರು. ಅದರಲ್ಲಿ ಓದಲು ಏನಿದೆ?

ಅಲ್ಲಿಂದ ಹಾಸನದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರ್ ಹೇಳಿದ್ದು ಇಷ್ಟು. ಪೊಟ್ಟಣದಲ್ಲಿ ಇದ್ದದ್ದು ಸ್ಟೀರಾಯ್ಡ್ ಇರಬೇಕು, ಅಂದರೆ ಊತ, ನೋವು ಬೇಗ ಅಡಗಿಸುವ ಔಷಧಿ. ನಮ್ಮ ದೇಹವೇ ದಿನಾ ಒಂದಷ್ಟು ಸ್ಟೀರಾಯ್ಡ್ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಕೊಟ್ಟರೆ ಆ ಕೆಲಸ ನಿಲ್ಲಿಸಿಬಿಡುತ್ತದೆ. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಜೊತೆಗೆ ನನಗೆ ಸಕ್ಕರೆ ಕಾಯಿಲೆಯೂ ಶುರುವಾಗಿತ್ತು.

ಮೂಲ ಕಾಯಿಲೆ ಗೊತ್ತಾದದ್ದು ಮೈಸೂರಿನಲ್ಲಿ, ಕೀಲುವಾತ ನೋಡುವ ರುಮಟಾಲಜಿಸ್ಟ್ ಹತ್ತಿರ. ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದಂತೆ. ಬೆಳಗ್ಗೆ ಒಂದು ಗಂಟೆಗಿಂತ ಜಾಸ್ತಿ ಬೆರಳು ಬಿಗಿದಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕಿತ್ತಂತೆ. ನೋವು ಅಡಗಿದ್ದ ಆ ತಿಂಗಳುಗಳಲ್ಲೂ ಒಳಗೆ ಕೀಲು ಸವೆಯುತ್ತಲೇ ಇತ್ತು. ಬಲಗೈಯ ಎರಡು ಬೆರಳು ಈಗ ಪೂರ್ತಿ ನೆಟ್ಟಗಾಗುವುದಿಲ್ಲ.

ಈ ಡಾಕ್ಟರ್ ಜಾಸ್ತಿ ಮಾತಾಡುವವರಲ್ಲ, ನಗುವುದೂ ಅಪರೂಪ. ಆದರೆ ಈ ಕಾಯಿಲೆಯನ್ನೇ ಹತೋಟಿಗೆ ತರುವ ಮಾತ್ರೆಗೆ ಮೆಥೋಟ್ರೆಕ್ಸೇಟ್ ಅಂತ ಹೆಸರು ಬರೆದು, ವಾರಕ್ಕೆ ಒಂದೇ ದಿನ ಅಂತ ಕೆಳಗೆ ಎರಡು ಗೆರೆ ಎಳೆದರು. ದಿನಾ ತಗೊಂಡರೆ ವಿಷವಂತೆ. ಕೆಲಸ ಮಾಡಲು 6ರಿಂದ 12 ವಾರ ಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಅಂದರು. ಇವರೂ ಸ್ಟೀರಾಯ್ಡ್ ಕೊಟ್ಟರು! ಆದರೆ ಎಷ್ಟು ಮಿಲಿಗ್ರಾಂ, ಯಾವ ವಾರ ಎಷ್ಟು ಇಳಿಸಬೇಕು ಎಲ್ಲ ಚೀಟಿಯಲ್ಲಿದೆ.

ಆ ಕ್ಲಿನಿಕ್ ಮೇಲೆ ಯಾಕೆ ದೂರು ಕೊಡಲಿಲ್ಲ ಅಂತ ಕೇಳುತ್ತೀರಿ. ಖಾಸಗಿ ಕ್ಲಿನಿಕ್‌ಗಳ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಕೊಡಬಹುದು. ಆದರೆ ನಾನು ಅಲ್ಲಿಗೆ ಹೋಗಿದ್ದೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ತುಂಡು ಕಾಗದವೂ ಇಲ್ಲ. ಚೀಟಿ ಕೊಡದಿರುವುದು ಯಾಕೆ ಅಂತ ಆಗ ಅರ್ಥವಾಯಿತು. ನಾನು ಕಳಿಸಿದ ನಾಲ್ವರ ಮನೆಗೂ ಹೋಗಿ ಹೇಳಿ ಬಂದೆ. ಒಬ್ಬರು ಇನ್ನೂ ಅಲ್ಲಿಗೇ ಹೋಗುತ್ತಿದ್ದಾರೆ.

ನೀವೂ ಇಂಥ ಪೊಟ್ಟಣದ ಮಾತ್ರೆ ತಿನ್ನುತ್ತಿದ್ದರೆ, ಇದನ್ನು ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಉಳಿದ ಮಾತ್ರೆಗಳನ್ನು ಪೊಟ್ಟಣದ ಸಮೇತ ತಗೊಂಡು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಷ್ಟು ತಿಂಗಳಿಂದ ತಿನ್ನುತ್ತಿದ್ದೀರಿ ಅನ್ನುವುದನ್ನು ಮುಚ್ಚಿಡದೆ ಹೇಳಿ.